ಕಮರ್ಷಿಯಲ್ ಸ್ಟ್ರೀಟ್ ಹಿಂದಿನ ಪೊಟ್ಟಣಗಳು

ಕಮರ್ಷಿಯಲ್ ಸ್ಟ್ರೀಟಿಗೆ ಬಟ್ಟೆಬರೆಗೆಂದು ಹೋಗುವವರೇ ಹೆಚ್ಚು. ಸೀರೆಗೆ ಹೊಂದುವ ಬ್ಲೌಸ್ ಪೀಸು, ಮದುವೆಯ ಶೇರ್ವಾನಿ, ಬಣ್ಣ ಕೂಡುವ ಬಳೆ, ಮಕ್ಕಳ ಚಪ್ಪಲಿ, ಹೀಗೆ ಎಲ್ಲರಿಗೂ ಒಂದೊಂದು ನೆಪ. ಆ ಬೀದಿಗೆ ಹೋದಾಗಲೆಲ್ಲ ನನ್ನ ಕಾಲು ತಾನಾಗಿ ತಿರುಗುವುದು ಅದರ ಹಿಂದಿನ ಓಣಿಗಳ ಕಡೆಗೆ. ಇಬ್ರಾಹಿಂ ಸಾಹೇಬ್ ಸ್ಟ್ರೀಟ್ ದಾಟಿ ಶಿವಾಜಿನಗರದ ದಿಕ್ಕಿಗೆ, ರಸೆಲ್ ಮಾರ್ಕೆಟ್ ಕಡೆಗೆ ಇಳಿಯುತ್ತ ಹೋದರೆ ಮೊದಲು ಕಬಾಬಿನ ಹೊಗೆ ಸಿಗುತ್ತದೆ, ಆಮೇಲೆ ಅತ್ತರು, ಆಮೇಲೆ ಒಣಗಿದ ಬೇರು ನಾರುಗಳ ವಾಸನೆ. ಆ ಮೂರನೆಯ ವಾಸನೆ ಬಂತೆಂದರೆ ಅಲ್ಲೊಂದು ಗ್ರಂಥಿಗೆ ಅಂಗಡಿ ಇದೆಯೆಂದೇ ಅರ್ಥ.

ಇಂಥ ಅಂಗಡಿಯ ಮುಂದೆ ಹತ್ತು ನಿಮಿಷ ಸುಮ್ಮನೆ ನಿಂತು ನೋಡಬೇಕು. ಒಬ್ಬರು ಬಂದು "ಭಾಯಿ, ಗೋಖ್ರು ಕಾಲು ಕೇಜಿ" ಅನ್ನುತ್ತಾರೆ. ಹಿಂದೆಯೇ ಹಲಸೂರಿನ ಕಡೆಯ ಅಮ್ಮ ಬಂದು ತಮಿಳಿನಲ್ಲಿ ನೆರಿಂಜಿ ಮುಳ್ಳು ಕೇಳುತ್ತಾರೆ. ಹೊಸಕೋಟೆ ದಾರಿಯ ಊರಿಂದ ಬಂದ ರೈತರು ನೆಗ್ಗಿಲು ಮುಳ್ಳು ಅನ್ನುತ್ತಾರೆ. ಅಂಗಡಿಯವರು ಮೂವರಿಗೂ ಒಂದೇ ಡಬ್ಬಿಯ ಮುಚ್ಚಳ ತೆಗೆಯುತ್ತಾರೆ. ದಂಡು ಪ್ರದೇಶದ ಗುಣವೇ ಅದು. 1809ರಲ್ಲಿ ಬ್ರಿಟಿಷರು ಜ್ವರದ ಕಾಟ ತಾಳಲಾರದೆ ಶ್ರೀರಂಗಪಟ್ಟಣದಿಂದ ಸೈನ್ಯವನ್ನು ಬೆಂಗಳೂರಿಗೆ ತಂದು ಕೂರಿಸಿದರು. ದಂಡಿನ ಬೆನ್ನಿಗೆ ತಮಿಳು ಸೀಮೆಯ ಜನ, ದಖ್ಖನಿ ಮಾತಾಡುವ ವ್ಯಾಪಾರಿಗಳು, ಇನ್ನೂ ಯಾರ್ಯಾರೋ ಬಂದರು. ಅವರವರ ದೇವರ ಜೊತೆಗೆ ಅವರವರ ಔಷಧಿಯೂ ಬಂತು. ಸಿದ್ಧ ವೈದ್ಯ, ಯುನಾನಿ, ನಮ್ಮ ಆಯುರ್ವೇದ, ಸಾಹೇಬರ ಇಂಗ್ಲಿಷ್ ಔಷಧ ನಾಲ್ಕೂ ಅರ್ಧ ಮೈಲಿಯೊಳಗೆ ನೆಲೆಯಾದವು. ಕಮರ್ಷಿಯಲ್ ಸ್ಟ್ರೀಟಿಗೆ ಅಂಟಿಕೊಂಡೇ ಡಿಸ್ಪೆನ್ಸರಿ ರೋಡಿದೆ, ಸ್ವಲ್ಪ ಮುಂದೆ ಹೋದರೆ ಬೌರಿಂಗ್ ಆಸ್ಪತ್ರೆ. ಹಾಗಾಗಿ ಇಲ್ಲಿನ ಕಾಯಿಲೆಯವರು ಯಾವತ್ತೂ ಒಂದೇ ಪದ್ಧತಿಗೆ ಕಟ್ಟುಬಿದ್ದವರಲ್ಲ.

ಈ ಅಂಗಡಿಗಳಲ್ಲಿ ಸಕ್ಕರೆ ಕಾಯಿಲೆಗೂ ಕೂದಲು ಉದುರುವುದಕ್ಕೂ ಕೇಳುವ ಪುಡಿಗಳಷ್ಟೇ ಹೆಚ್ಚಾಗಿ ಕಿಡ್ನಿಯದೂ ಕಿವಿಗೆ ಬೀಳುತ್ತದೆ. ಮೂತ್ರಪಿಂಡ ಎಂದು ಪುಸ್ತಕದಲ್ಲಿ ಬರೆಯುತ್ತೇವೆ. ಅಂಗಡಿಯಲ್ಲಿ ಅದು ಕಿಡ್ನಿಯೇ, ಇಲ್ಲವೇ ಗುರ್ದೆ. ಕಲ್ಲಿಗೆ, ಉರಿಮೂತ್ರಕ್ಕೆ, ಕಾಲು ಊದಿಕೊಂಡಿದ್ದಕ್ಕೆ, "ಕ್ರಿಯಾಟಿನಿನ್ ಜಾಸ್ತಿ ಬಂದಿದೆಯಂತೆ, ಅದಕ್ಕೆ" ಎಂದು ಬೇರೆ ಬೇರೆ ಕೋರಿಕೆಗಳು. ಕೇಳುವವರಲ್ಲಿ ಬಹಳ ಮಂದಿ ಒಂದೇ ವಸ್ತು ಕೊಳ್ಳುವುದಿಲ್ಲ. ನೆಗ್ಗಿಲು ಜೊತೆಗೆ ಕೊಮ್ಮೆ ಬೇರು, ಅದಕ್ಕೆ ಬಾರ್ಲಿ, ಮನೆಯಲ್ಲಿ ಬಾಳೆದಿಂಡಿನ ರಸ, ಹುರುಳಿ ಕಟ್ಟಿನ ಸಾರು, ಬೇಲಿಯಲ್ಲಿ ಬೆಳೆದ ಕಾಡುಬಸಳೆ ಎಲೆ. ಜೋಡಿಸಿ ಕುಡಿದರೆ ಬೇಗ ಗುಣ ಎಂಬ ನಂಬಿಕೆ.

ಈ ನಂಬಿಕೆ ಬುಡವಿಲ್ಲದ್ದೇನೂ ಅಲ್ಲ. ಔಷಧಿ ಜೋಡಿಸುವುದು ನಮ್ಮ ಹಿರಿಯರು ಬಹಳ ಯೋಚಿಸಿ ಮಾಡಿದ ಕೆಲಸ. ಶಾರ್ಙ್ಗಧರ ಸಂಹಿತೆಯ ಗೋಕ್ಷುರಾದಿ ಗುಗ್ಗುಳವನ್ನೇ ನೋಡಿ: ನೆಗ್ಗಿಲಿನ ಕಷಾಯ ಇಳಿಸಿ, ಅದರಲ್ಲಿ ಗುಗ್ಗುಳವನ್ನು ಪಾಕ ಮಾಡಿ, ಶುಂಠಿ ಮೆಣಸು ಹಿಪ್ಪಲಿಯ ತ್ರಿಕಟು, ತ್ರಿಫಲ, ಕೊನ್ನಾರಿ ಗಡ್ಡೆ ಸೇರಿಸಿ ಗುಳಿಗೆ ಕಟ್ಟುವುದು. ಮೂತ್ರ ಕಟ್ಟಿದವರಿಗೆಂದು ದರ್ಭೆ, ಕುಶ, ಕಬ್ಬು ಮುಂತಾದ ಐದು ಹುಲ್ಲುಜಾತಿಯ ಬೇರುಗಳನ್ನು ಕೂಡಿಸಿ ತೃಣಪಂಚಮೂಲ ಎಂದರು. ಯುನಾನಿ ಹಕೀಮರದು ಶರಬತ್ ಬಜೂರಿ. ಸೌತೆ, ಕರಬೂಜ, ಕಾಸನಿಯಂಥ ಬೀಜಗಳನ್ನು ನೆನೆಸಿ ಕುದಿಸಿ ಸಕ್ಕರೆ ಪಾಕಕ್ಕೆ ಇಳಿಸಿದ ಪಾನಕ. ಕಲ್ಲಿಗೆಂದು ಅವರು ಹಜ್ರುಲ್ ಯಹೂದ್ ಎಂಬ ಇನ್ನೊಂದು ವಸ್ತು ಬಳಸುತ್ತಾರೆ. ಆಲಿವ್ ಕಾಯಿಯ ಆಕಾರದ, ಮೈಮೇಲೆ ಗೆರೆಯೆಳೆದಂತಿರುವ ಪುಟ್ಟ ಕಲ್ಲು. ಅದು ನಿಜವಾಗಿ ಎಷ್ಟೋ ಕೋಟಿ ವರ್ಷಗಳ ಹಿಂದೆ ಸಮುದ್ರದಲ್ಲಿದ್ದ ಕಡಲ ಮುಳ್ಳುಜೀವಿಯ ಮುಳ್ಳು, ಕಲ್ಲಾಗಿ ಉಳಿದದ್ದು. ಇಂಥದ್ದು ದಂಡಿನ ಓಣಿಯ ಡಬ್ಬಿಯವರೆಗೂ ಬಂದು ಕೂತಿದೆಯಲ್ಲ, ಅದನ್ನು ಕೈಯಲ್ಲಿ ಹಿಡಿದಾಗ ನನಗೆ ಬಹಳ ಬೆರಗಾಗುತ್ತದೆ.

ಚೀನಾದವರ ಜೋಡಣೆಯ ಮಾತೂ ಇಲ್ಲೇ ಬರಬೇಕು. ಬೆಂಗಳೂರು ದಂಡಿನಲ್ಲಿ ಚೀನೀ ಮನೆತನಗಳು ಹಳೆಯ ಕಾಲದಿಂದ ಇವೆ. ಹೋಟೆಲು, ಚರ್ಮದ ಬೂಟಿನ ಅಂಗಡಿ, ಬ್ಯೂಟಿ ಪಾರ್ಲರು, ಹಲ್ಲಿನ ವೈದ್ಯ ಇವು ಅವರ ಕಸುಬುಗಳು. ಆದರೆ ಚೀನೀ ಮೂಲಿಕೆಗಳು ಶಿವಾಜಿನಗರದ ಡಬ್ಬಿ ಸೇರಿದ್ದು ಅವರ ಕೈಯಿಂದಲ್ಲ. ಅರಬರ, ಪಾರಸಿಕರ ವ್ಯಾಪಾರದ ದಾರಿಯಿಂದ, ಯುನಾನಿಯ ಜೊತೆಗೆ. ಹೊಟ್ಟೆ ಸಾಫು ಮಾಡಲು ಹಕೀಮರು ಕೊಡುವ ರೇವಲ್ ಚಿನ್ನಿಯ ಬೇರನ್ನು ಚೀನಾದ ವೈದ್ಯರು ಇವತ್ತಿಗೂ ಸೋತ ಕಿಡ್ನಿಯ ರೋಗಿಗಳಿಗೆ ಬಳಸುತ್ತಾರೆ. ಚೋಬ್ ಚೀನಿ ಎಂಬ ಬೇರು ಪೋರ್ಚುಗೀಸರ ಕಾಲದಲ್ಲಿ ಫಿರಂಗಿ ರೋಗದ, ಅಂದರೆ ಸಿಫಿಲಿಸಿನ, ಔಷಧವಾಗಿ ಹರಡಿ, ಹದಿನಾರನೆಯ ಶತಮಾನದ ಭಾವಪ್ರಕಾಶದೊಳಗೂ ಸೇರಿತು. ಅಂದರೆ ಪದ್ಧತಿಗಳು ಒಂದನ್ನೊಂದು ಕಂಡಿರಲಿಲ್ಲ ಎನ್ನುವಂತಿಲ್ಲ. ಕೊಟ್ಟು ತೆಗೆದುಕೊಂಡು ಮಾಡುತ್ತಲೇ ಬಂದಿವೆ.

ಚೀನೀ ವೈದ್ಯದಲ್ಲಿ ಕಿಡ್ನಿಯನ್ನು ಶೆನ್ ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಅದು ಸೊಂಟದ ಎರಡು ಪಕ್ಕಕ್ಕಿರುವ ಅಂಗವಷ್ಟೇ ಅಲ್ಲ. ಹುಟ್ಟಿನಿಂದ ಬಂದ ಸತ್ವ ಅಲ್ಲಿದೆ. ಮಕ್ಕಳ ಬೆಳವಣಿಗೆ, ಮೂಳೆ, ಕಿವಿಯ ಶಕ್ತಿ, ತಲೆಗೂದಲು, ಮೈಯ ನೀರು ಎಲ್ಲವೂ ಅದರ ಅಧೀನ. ಹಾಗಾಗಿ ಅಲ್ಲಿ "ಕಿಡ್ನಿಗೆ ಬಲ ಕೊಡುವ ಔಷಧ" ಅಂದರೆ ಕ್ರಿಯಾಟಿನಿನ್ ಇಳಿಸುವುದು ಎಂದು ತಿಳಿಯಬಾರದು. ಇದನ್ನು ಗಮನಿಸದೆ ಪೆಟ್ಟಿಗೆಯ ಮೇಲೆ ಕಿಡ್ನಿ ಎಂದು ಬರೆದದ್ದನ್ನು ನೋಡಿ ಕೊಂಡವರು ಬಹಳ.

ಅವರ ಹೆಸರಾಂತ ಗುಳಿಗೆ ಲಿಯುವೇ ದಿಹ್ವಾಂಗ್, ಆರು ವಸ್ತುಗಳದ್ದು. ಸಾಂಗ್ ರಾಜವಂಶದ ಕಾಲದ ಚಿಯೆನ್ ಯಿ ಎಂಬ ಮಕ್ಕಳ ವೈದ್ಯ ಅದನ್ನು ಕಟ್ಟಿದ. ಆತನ ಪುಸ್ತಕ ಹೊರಬಂದದ್ದು 1119ರಲ್ಲಿ. ಅದಕ್ಕೂ ಸುಮಾರು ಒಂಬತ್ತು ನೂರು ವರ್ಷ ಹಿಂದೆ ಝಾಂಗ್ ಝೋಂಗ್‌ಜಿಂಗ್ ಎಂಬ ಹಿರಿಯ ವೈದ್ಯ ಎಂಟು ವಸ್ತುಗಳ ಗುಳಿಗೆ ಬರೆದಿಟ್ಟಿದ್ದ. ಅದರಲ್ಲಿ ದಾಲ್ಚಿನ್ನಿ ಜಾತಿಯದೊಂದು, ವತ್ಸನಾಭಿ ಜಾತಿಯ ಬೇರೊಂದು, ಎರಡೂ ಉಷ್ಣ. ಎಳೆಯ ಮಕ್ಕಳ ಮೈಗೆ ಅಷ್ಟು ಉಷ್ಣ ಬೇಡವೆಂದು ಚಿಯೆನ್ ಯಿ ಅವೆರಡನ್ನೂ ತೆಗೆದ. ಉಳಿದ ಆರರ ಅಳತೆ 8, 4, 4, 3, 3, 3. ಎಂಟು ಪಾಲು ರೆಹ್ಮಾನಿಯಾ ಗೆಡ್ಡೆ, ಮದ್ಯದಲ್ಲಿ ಮತ್ತೆ ಮತ್ತೆ ಬೇಯಿಸಿ ಒಣಗಿಸಿ ಕಪ್ಪಾದದ್ದು; ನಾಲ್ಕು ಪಾಲು ಹುಳಿ ಕೆಂಪು ಹಣ್ಣೊಂದು; ನಾಲ್ಕು ಪಾಲು ನಮ್ಮ ಹೆಗ್ಗೆಣಸಿನ ಬಳಗದ ಗೆಣಸು. ಈ ಮೂರು ತುಂಬುವ ಔಷಧಗಳು. ಮಿಕ್ಕ ಮೂರು ಇಳಿಸುವ ಔಷಧಗಳು: ಜೌಗಿನ ಗಿಡವೊಂದರ ಗೆಡ್ಡೆ, ಪಿಯೋನಿ ಬೇರಿನ ತೊಗಟೆ, ಪೈನ್ ಮರದ ಬೇರಿಗೆ ಕಟ್ಟುವ ಅಣಬೆ. ತುಂಬುವುದು ಅತಿಯಾಗಿ ಕಟ್ಟಿಕೊಳ್ಳಬಾರದೆಂದು ಇಳಿಸುವುದನ್ನೂ ಜೊತೆಗೇ ಇಟ್ಟ ಬುದ್ಧಿವಂತಿಕೆ ನನಗೆ ಬಹಳ ಹಿಡಿಸುತ್ತದೆ. ಸಾರಿನಪುಡಿಯಲ್ಲಿ ಮೆಂತ್ಯ ಒಂದು ಚಮಚ ಹೆಚ್ಚಾದರೆ ಇಡೀ ಡಬ್ಬಿ ಕಹಿಯಾಗುವುದನ್ನು ಕಂಡ ನಮಗೆ ಈ ಅಳತೆಯ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಅವರ ಯೋಗಗಳಲ್ಲಿ ಸಾಮಾನ್ಯವಾಗಿ ರಾಜ ಔಷಧ, ಮಂತ್ರಿ, ಸಹಾಯಕ, ದೂತ ಎಂಬ ಸ್ಥಾನಗಳಿರುತ್ತವೆ. ಯಾವುದು ಯಾವುದರ ಬಲ ಹೆಚ್ಚಿಸುತ್ತದೆ, ಯಾವುದು ಯಾವುದರ ವಿಷ ಮುರಿಯುತ್ತದೆ, ಯಾವೆರಡನ್ನು ಒಂದೇ ಪಾತ್ರೆಯಲ್ಲಿ ಹಾಕಲೇಬಾರದು ಎಂದು ಪಟ್ಟಿಯೇ ಇದೆ; ಕೂಡಬಾರದ ಹದಿನೆಂಟು ಎಂದು ಅವರ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ನಮ್ಮಲ್ಲಿ ವಿರುದ್ಧಾಹಾರದ ವಿಚಾರ ಎಷ್ಟು ವಿಸ್ತಾರವಾಗಿದೆಯೋ ಅಲ್ಲಿಯೂ ಅಷ್ಟೇ. ಹೀಗೆ ಆಯುರ್ವೇದಕ್ಕೆ ಅದರ ನಿಯಮ, ಯುನಾನಿಗೆ ಅದರದು, ಚೀನಾಕ್ಕೆ ಅದರದು, ಆಸ್ಪತ್ರೆಯ ಮಾತ್ರೆಗಳಿಗೂ ದಪ್ಪ ದಪ್ಪ ಪುಸ್ತಕಗಳುಂಟು. ಆದರೆ ಈ ನಾಲ್ಕನ್ನೂ ಒಬ್ಬರೇ ಒಂದೇ ದಿನ ನುಂಗಿದರೆ ಏನಾಗುತ್ತದೆ ಎಂಬುದನ್ನು ಯಾವ ಸಂಹಿತೆಯೂ ಬರೆದಿಲ್ಲ. ನನ್ನ ಕಳವಳವೆಲ್ಲ ಇದೊಂದರದ್ದೇ.

ನಮ್ಮ ಹಲಸೂರಿನ ಸೋದರತ್ತೆಯ ಸಂಗತಿ ಹೇಳುತ್ತೇನೆ. ಬಿ.ಪಿ. ಇದ್ದವರು. ನೀರು ಇಳಿಯುವ ಮಾತ್ರೆಯನ್ನು ಡಾಕ್ಟರು ಬರೆದುಕೊಟ್ಟಿದ್ದರು. ಚಳಿಗಾಲದ ಕೆಮ್ಮಿಗೆ ಶಿವಾಜಿನಗರದಿಂದ ಜೋಶಾಂದ ತರಿಸಿ ಕುದಿಸಿ ಕುಡಿಯುತ್ತಿದ್ದರು. ಊರಿನ ವೈದ್ಯರು ಕೊಟ್ಟ ಚೂರ್ಣವೊಂದು ಬೇರೆ. ಸಾಲದ್ದಕ್ಕೆ ಸಿಂಗಪುರದಲ್ಲಿರುವ ಮಗ ಕಿಡ್ನಿಗೆ ಒಳ್ಳೆಯದೆಂದು ಚೀನೀ ಮೂಲಿಕೆಯ ಚಹಾ ತಂದಿಟ್ಟಿದ್ದ. ಬರಬರುತ್ತ ಅವರಿಗೆ ಮೆಟ್ಟಿಲು ಹತ್ತಲಾಗದಷ್ಟು ನಿಶ್ಶಕ್ತಿ, ತೊಡೆಯಲ್ಲಿ ಹಿಡಿದುಕೊಂಡಂಥ ನೋವು, ಬಿ.ಪಿ. ಏರುತ್ತಲೇ ಇತ್ತು. ರಕ್ತ ಪರೀಕ್ಷೆ ಮಾಡಿದರೆ ಪೊಟ್ಯಾಸಿಯಂ ಕನಿಷ್ಠ ಇರಬೇಕಾದ 3.5ಕ್ಕಿಂತ ಬಹಳ ಕೆಳಗೆ.

"ಅತ್ತೆ, ಇದನ್ನೆಲ್ಲ ಕುಡೀತಿದ್ದೀರಿ ಅಂತ ಡಾಕ್ಟರಿಗೆ ಹೇಳಿದ್ರಾ?"

"ಅವರು ಮಾತ್ರೆ ತಗೋತಿದ್ದೀರಾ ಅಂತ ಕೇಳಿದ್ರು ಕಣೋ. ಇದು ಮಾತ್ರೆ ಅಲ್ಲವಲ್ಲ."

ಮೂರೂ ಪೊಟ್ಟಣಗಳ ಮೇಲಿನ ಪದಾರ್ಥಗಳ ಪಟ್ಟಿ ಓದುತ್ತ ಕುಳಿತೆವು. ಜೋಶಾಂದದಲ್ಲಿ ಮುಲೇಠಿ. ಚೂರ್ಣದಲ್ಲಿ ಜ್ಯೇಷ್ಠಮಧು. ಚಹಾದಲ್ಲಿ ಗಾನ್‌ಚಾವ್. ಮೂರೂ ಒಂದೇ ಬಳಗದ ಬೇರು, ನಾವು ಅತಿಮಧುರ ಎನ್ನುವುದು. ಚೀನಾದಲ್ಲಂತೂ ಬೇರೆ ಔಷಧಿಗಳನ್ನು ಹದ ಮಾಡಲು ಅದನ್ನು ಸೇರಿಸುವ ಯೋಗಗಳು ಬಹಳ. ಒಂದೊಂದರಲ್ಲೂ ಅಳತೆ ಮಿತವಾಗಿಯೇ ಇತ್ತು, ಕೊಟ್ಟವರು ಯಾರೂ ತಪ್ಪು ಮಾಡಿರಲಿಲ್ಲ. ಅತಿಮಧುರದಲ್ಲಿರುವ ಗ್ಲಿಸಿರೈಜಿನ್ ಮೈಯಲ್ಲಿ ಉಪ್ಪನ್ನೂ ನೀರನ್ನೂ ಹಿಡಿದಿಡುತ್ತದೆ, ಪೊಟ್ಯಾಸಿಯಂ ಹೊರಗೆ ಕಳಿಸುತ್ತದೆ, ಬಿ.ಪಿ. ಏರಿಸುತ್ತದೆ. ನೀರಿನ ಮಾತ್ರೆ ತಾನೂ ಪೊಟ್ಯಾಸಿಯಂ ಕಳೆಯುತ್ತದೆ. ನಾಲ್ಕೂ ಒಟ್ಟಾಗಿ ಕಿಡ್ನಿಯ ಬಾಗಿಲಲ್ಲಿ ಸಂಧಿಸಿದವು. ಮೂರನ್ನು ನಿಲ್ಲಿಸಿದ ಮೇಲೆ ಅತ್ತೆ ಚೇತರಿಸಿಕೊಂಡರು.

ಇದಕ್ಕೆ ತಿರುಗುಮುರುಗಾದ ಅಪಾಯವೂ ಉಂಟು. ಕೊಮ್ಮೆಯಲ್ಲಿ ಪೊಟ್ಯಾಸಿಯಂ ಹೇರಳ. ಎಳನೀರಿನಲ್ಲೂ ಬಾಳೆದಿಂಡಿನಲ್ಲೂ ಇದೆ. ಆರೋಗ್ಯವಂತರಿಗೆ ಇವೆಲ್ಲ ಒಳ್ಳೆಯ ಪದಾರ್ಥಗಳೇ. ಕಿಡ್ನಿ ಆಗಲೇ ಸೋತಿದ್ದು, ಮೇಲಿನಿಂದ ಪೊಟ್ಯಾಸಿಯಂ ಉಳಿಸುವ ಬಿ.ಪಿ. ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರೆ ಇದೇ ತಂಪು ಪಾನೀಯಗಳು ಹೃದಯದ ಬಡಿತವನ್ನೇ ಕೆಡಿಸಬಲ್ಲವು. ಧಾರೆಹುಳಿ, ಬಿಂಬುಳಿಗಳ ರಸವನ್ನು ಸಕ್ಕರೆ ಕಾಯಿಲೆಗೋ ಕೊಲೆಸ್ಟ್ರಾಲಿಗೋ ಎಂದು ಲೋಟಗಟ್ಟಲೆ ಕುಡಿದು ಆಕ್ಸಲೇಟ್ ಹರಳು ಕಟ್ಟಿ ಕಿಡ್ನಿ ನಿಂತ ರೋಗಿಗಳನ್ನು ಕೇರಳದ ವೈದ್ಯರು ದಾಖಲಿಸಿದ್ದಾರೆ. ಸಾರಿಗೆ ಒಂದೆರಡು ಹೋಳು ಹಾಕುವುದೇ ಬೇರೆ, ಬೆಳಗ್ಗೆ ಖಾಲಿ ಹೊಟ್ಟೆಗೆ ಹಿಂಡಿ ಕುಡಿಯುವುದೇ ಬೇರೆ.

ಪದ್ಧತಿ ಬೆರೆಸಿ ಕೆಟ್ಟವರ ದೊಡ್ಡ ಕಥೆ ನಡೆದದ್ದು ಬೆಲ್ಜಿಯಂನಲ್ಲಿ. ಬ್ರಸೆಲ್ಸಿನಲ್ಲಿ ಮೈತೂಕ ಇಳಿಸುವ ಕ್ಲಿನಿಕ್ಕೊಂದು 1990ರ ಸುಮಾರಿಗೆ ತನ್ನ ಗುಳಿಗೆಗಳಿಗೆ ಚೀನೀ ಮೂಲಿಕೆ ಸೇರಿಸಿತು. ಹಸಿವು ಅಡಗಿಸುವ ಇಂಗ್ಲಿಷ್ ಮಾತ್ರೆ, ನೀರು ಇಳಿಸುವ ಮಾತ್ರೆ, ಭೇದಿಯ ಔಷಧ, ಅವುಗಳ ಜೊತೆ ಎರಡು ಚೀನೀ ವಸ್ತು. ಇಂಥ ಯೋಗ ಚೀನಾದ ಯಾವ ಗ್ರಂಥದಲ್ಲೂ ಇಲ್ಲ. ಮೇಲಾಗಿ ಬರಬೇಕಾದ ಫಾಂಗ್‌ಜಿ ಎಂಬ ಬೇರಿನ ಬದಲು ಗ್ವಾಂಗ್ ಫಾಂಗ್‌ಜಿ ಎಂಬ ಇನ್ನೊಂದು ಬಂದುಬಿಟ್ಟಿತು. ಅದು ಅರಿಸ್ಟೊಲೋಕಿಯಾ ಕುಲದ್ದು. ಕಿಡ್ನಿ ಸೋತ ಹೆಂಗಸರು ಒಬ್ಬರ ಹಿಂದೊಬ್ಬರು ಆಸ್ಪತ್ರೆ ಸೇರತೊಡಗಿದರು. 1993ರಲ್ಲಿ ವಾನ್‌ಹರ್ವೆಗಂ ಮತ್ತು ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದನ್ನು ಬರೆದರು. ಕೊನೆಗೆ ಲೆಕ್ಕ ನೂರು ದಾಟಿತು. ಮುನ್ನೆಚ್ಚರಿಕೆಗೆಂದು ಸೋತ ಕಿಡ್ನಿ ಮತ್ತು ಮೂತ್ರನಾಳ ತೆಗೆಸಿಕೊಂಡ 39 ಮಂದಿಯಲ್ಲಿ 18 ಜನರಿಗೆ ಮೂತ್ರಮಾರ್ಗದ ಕ್ಯಾನ್ಸರ್ ಇದ್ದದ್ದು 2000ದಲ್ಲಿ ಹೊರಬಂತು. ಆ ಗಿಡದ ಅರಿಸ್ಟೊಲೋಕಿಕ್ ಆಮ್ಲವನ್ನು ಕಿಡ್ನಿಯ ಸೂಕ್ಷ್ಮ ನಾಳಗಳ ಜೀವಕೋಶಗಳು ತಾವೇ ಒಳಗೆಳೆದುಕೊಳ್ಳುತ್ತವೆ. ಅದು ಡಿಎನ್ಎಗೆ ಅಂಟಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ. ತೈವಾನ್ 2003ರಲ್ಲಿ ಈ ಕುಲದ ಔಷಧಗಳನ್ನು ನಿಷೇಧಿಸಿತು. ಚೀನಾ ಕೂಡ ಅದೇ ಸುಮಾರಿಗೆ ಕೆಲವನ್ನು ಪಟ್ಟಿಯಿಂದ ತೆಗೆಯಿತು.

ದೂರದ ಬ್ರಸೆಲ್ಸಿನ ಮಾತು ನಮಗೇಕೆ ಎನ್ನಬೇಡಿ. ಅರಿಸ್ಟೊಲೋಕಿಯಾ ನಮ್ಮ ಬೇಲಿಯಲ್ಲೂ ಇದೆ. ಹಾವಿನ ವಿಷಕ್ಕೆಂದು ಹಳ್ಳಿಗಳಲ್ಲಿ ಹೆಸರಾದ ಈಶ್ವರಿ ಬಳ್ಳಿ ಅದೇ ಕುಲ, ಅದೇ ಆಮ್ಲ. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಮರಿಗಳು ತಿಂದು ಬೆಳೆಯುವುದು ಈ ಬಳಗದ ಬಳ್ಳಿಗಳನ್ನೇ. ಎಲೆಯ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡು ಹಕ್ಕಿಗಳ ಬಾಯಿಂದ ತಪ್ಪಿಸಿಕೊಳ್ಳುತ್ತವೆ. ಪಶ್ಚಿಮ ಘಟ್ಟದಲ್ಲಿ ಆ ಕಪ್ಪು ಹಳದಿ ರೆಕ್ಕೆ ಬಿಸಿಲಲ್ಲಿ ತೇಲುವುದನ್ನು ನೋಡಿದವರಿಗೆ ಬಳ್ಳಿಯ ಮೇಲೆ ಸಿಟ್ಟು ಬಾರದು. ಬಳ್ಳಿ ಚಿಟ್ಟೆಗೆ ಇರಲಿ, ಕಷಾಯಕ್ಕೆ ಬೇಡ.

ಹೆಸರೊಂದು ಗಿಡ ಹಲವು ಎಂಬ ತೊಡಕು ಕಲ್ಲಿನ ಔಷಧದಲ್ಲೇ ಹೆಚ್ಚು. ಪಾಷಾಣಭೇದ ಎಂದು ಕೇಳಿದರೆ ಹಿಮಾಲಯದ ಬರ್ಜಿನಿಯಾ ಬೇರು ಸಿಗಬಹುದು, ನಮ್ಮ ಬಿಳಿ ಹಿಂಡಿ ಸೊಪ್ಪು ಸಿಗಬಹುದು, ದೊಡ್ಡಪತ್ರೆಯನ್ನೂ ಕಾಡುಬಸಳೆಯನ್ನೂ ಅದೇ ಹೆಸರಿಂದ ಕರೆಯುವವರಿದ್ದಾರೆ. ನೆಗ್ಗಿಲಲ್ಲೂ ಎರಡು: ಸಣ್ಣದು, ಮತ್ತು ನೀರಲ್ಲಿ ಕಲಕಿದರೆ ನೀರೇ ಲೋಳೆಯಾಗುವ ಆನೆ ನೆಗ್ಗಿಲು. ಅನುಭವಸ್ಥ ಅಂಗಡಿಯವರು "ಯಾವುದು ಬೇಕು, ಯಾರು ಬರೆದುಕೊಟ್ಟರು?" ಎಂದು ಕೇಳಿಯೇ ತೂಗುತ್ತಾರೆ. ಆ ಪ್ರಶ್ನೆ ಕೇಳುವ ಅಂಗಡಿಯನ್ನು ಬಿಡಬಾರದು. ಕೇಳದೆ "ಕಿಡ್ನಿ ಪುಡಿ" ಎಂದು ಕಟ್ಟಿಟ್ಟ ಪೊಟ್ಟಣ ಚಾಚುವವರಿಂದ ಕೊಳ್ಳಲೇಬಾರದು. ಇನ್ನೊಂದು: 5 ಮಿಲಿಮೀಟರಿಗಿಂತ ಚಿಕ್ಕ ಕಲ್ಲುಗಳಲ್ಲಿ ಹೆಚ್ಚಿನವು ಚೆನ್ನಾಗಿ ನೀರು ಕುಡಿದರೆ ತಾವೇ ಬಿದ್ದುಹೋಗುತ್ತವೆ. ಆ ಹೊತ್ತಿಗೆ ಬಾಯಲ್ಲಿದ್ದ ಔಷಧಕ್ಕೆ ಕೀರ್ತಿ ಬರುತ್ತದೆ. ಪಕ್ಕದ ಮನೆಯವರಿಗೆ ಬಿದ್ದಿತೆಂಬ ಒಂದೇ ಕಾರಣಕ್ಕೆ ಅದೇ ಯೋಗವನ್ನು ನಾವು ಎತ್ತಿಕೊಳ್ಳುವುದು ಸರಿಯಲ್ಲ.

ನಮ್ಮ ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಒಂದೂವರೆ ಎರಡು ಲೀಟರನ್ನು ಮಾತ್ರ ಹೊರಗೆ ಬಿಡುತ್ತವೆ. ಕೆಲಸ ಅರ್ಧದಷ್ಟು ಕುಗ್ಗುವವರೆಗೆ ಕ್ರಿಯಾಟಿನಿನ್ ಏರದೆಯೂ ಇರಬಹುದು, ನೋವೂ ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೇ ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ರಕ್ತದ ಜೊತೆ ಮೂತ್ರದ ಆಲ್ಬುಮಿನ್ ಪರೀಕ್ಷೆಯನ್ನೂ ವರ್ಷಕ್ಕೊಮ್ಮೆ ಮಾಡಿಸಬೇಕು. ಮಂಡಿನೋವಿಗೆ ತಾವೇ ಮೆಡಿಕಲ್ ಶಾಪಿನಿಂದ ತಂದು ನುಂಗುವ ಡೈಕ್ಲೋಫಿನಾಕ್ ಕೂಡ ಕಿಡ್ನಿಗೆ ಭಾರ ಎಂಬುದನ್ನು ಈ ಜಾಗದಲ್ಲೇ ಹೇಳಿಬಿಡುತ್ತೇನೆ. ಮೂಲಿಕೆಗಳನ್ನಷ್ಟೇ ದೂರಿದರೆ ಅನ್ಯಾಯ.

ಮೂಲಿಕೆ ಬಿಟ್ಟುಬಿಡಿ ಎಂದು ನಾನು ಹೇಳಲಾರೆ. ಮಲೇರಿಯಾಕ್ಕೆ ಚೀನೀ ಮೂಲಿಕೆಯಿಂದ ಆರ್ಟಿಮಿಸಿನಿನ್ ತೆಗೆದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಅವರು ದಾರಿ ಕಂಡದ್ದು ನಾಲ್ಕನೆಯ ಶತಮಾನದ ವೈದ್ಯಗ್ರಂಥದಲ್ಲಿ, ಖಚಿತಪಡಿಸಿಕೊಂಡದ್ದು ಪ್ರಯೋಗಶಾಲೆಯಲ್ಲಿ. ಬೆಂಗಳೂರಿನವರಾದ ನಮಗೆ ಕಲಿತ ವೈದ್ಯರ ಕೊರತೆಯೂ ಇಲ್ಲ. ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿ ರಾಷ್ಟ್ರೀಯ ಯುನಾನಿ ಸಂಸ್ಥೆಯ ಆಸ್ಪತ್ರೆಯಿದೆ, ಧನ್ವಂತರಿ ರಸ್ತೆಯಲ್ಲಿ ಸರ್ಕಾರಿ ಆಯುರ್ವೇದ ಆಸ್ಪತ್ರೆಯಿದೆ, ವಿಕ್ಟೋರಿಯಾ ಆವರಣದಲ್ಲಿ ಕಿಡ್ನಿಗೆಂದೇ ಸರ್ಕಾರಿ ನೆಫ್ರೊ ಯೂರಾಲಜಿ ಸಂಸ್ಥೆಯಿದೆ. ಗಿಡ ಗುರುತಿಸಿ, ಅಳತೆ ಹೇಳಿ, ಚೀಟಿ ಬರೆದುಕೊಡುವವರು ಅಲ್ಲಿದ್ದಾರೆ.

ಓದುವ ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ಮುಂದಿನ ಸಲ ಯಾವ ವೈದ್ಯರ ಬಳಿ ಹೋದರೂ ಮನೆಯಲ್ಲಿರುವ ಮಾತ್ರೆ, ಚೂರ್ಣ, ಜೋಶಾಂದ, ಚಹಾ, ಕಷಾಯದ ಪುಡಿ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ಹೋಗಿ, ಅವರ ಮೇಜಿನ ಮೇಲೆ ಸುರಿದು ತೋರಿಸಿ. ಅವರು ಕೇಳದಿದ್ದರೂ ತೋರಿಸಿ.